ಲಂಡನ್ನಿನ ದೈತ್ಯ ಹೂವು ನಮ್ಮ ಸುವರ್ಣಗಡ್ಡೆಯ ನೆಂಟನಾ? ಅಮ್ಮ ಹೌದು ಅಂತಾರೆ

ತುಂಗಾತೀರ:
ನಮ್ಮೂರು ತೀರ್ಥಹಳ್ಳಿ ಹತ್ತಿರ. ಈಗ ಲಂಡನ್ನಿನಲ್ಲಿದ್ದೇನೆ. ಈ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಕ್ಯೂ ಉದ್ಯಾನದಲ್ಲಿ ಟೈಟನ್ ಆರಂ ಅನ್ನುವ ದೈತ್ಯ ಹೂವು ಅರಳಿದೆ ಅಂತ ಗೊತ್ತಾಗಿ, ಮರುದಿನ ಬೆಳಿಗ್ಗೆಯೇ ಕರೆದುಕೊಂಡು ಹೋದೆ.

ಗಾಜಿನ ಮನೆಯೊಳಗೆ ಕಾಲಿಟ್ಟ ಕೂಡಲೇ ಅಮ್ಮನ ಕನ್ನಡಕ ಮಂಜಾಯಿತು. ಅವರು ಅದನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು, ಹೂವನ್ನು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ನಾತ ಬಂತು. ಅಟ್ಟದ ಮೇಲೆ ಇಲಿ ಸತ್ತು ಮೂರು ದಿನವಾದರೆ ಬರುತ್ತಲ್ಲ, ಅದೇ. ಒಂದೇ ಸಮ ಬರಲಿಲ್ಲ, ಬಿಟ್ಟು ಬಿಟ್ಟು ಬಂತು. ಅಮ್ಮ ಕನ್ನಡಕ ಹಾಕಿಕೊಳ್ಳುವ ಮೊದಲೇ, "ಇದು ಸುವರ್ಣಗಡ್ಡೆ ಹೂವಿನ ನಾತ ಅಲ್ವೇನೇ?" ಅಂದರು.

ಹೂವು ನನಗಿಂತ ಎತ್ತರ ಇತ್ತು. ಒಳಗೆಲ್ಲ ಬೀಟ್‌ರೂಟ್ ಬಣ್ಣ, ನಡುವೆ ಹಳದಿ ಕೊಂಬು. ಹಿತ್ತಲಿನ ಗಡ್ಡೆಗೂ ಇದಕ್ಕೂ ಏನು ಸಂಬಂಧ ಅಂತ ನಾನು ವಾದ ಮಾಡಿದೆ. ನಮ್ಮಲ್ಲಿ ಪ್ರತಿ ವರ್ಷ ಸುವರ್ಣಗಡ್ಡೆ ಬೆಳೆಯುತ್ತಿದ್ದರು. ಒಂದು ಸಲವೂ ನಾನು ಅದರ ಹೂವು ನೋಡಿಲ್ಲ. ಬಲ್ಲವರು ಹೇಳಿ, ಯಾರದು ಸರಿ?

ತೋಟದಮನೆ:
ಅಮ್ಮನದೇ ಸರಿ. ಎರಡೂ ಅಮಾರ್ಫೊಫ್ಯಾಲಸ್ ಕುಲದವು. ನೀವು ನೋಡಿದ್ದು ಸುಮಾತ್ರಾ ಕಾಡಿನದು, 1889ರಲ್ಲಿ ಕ್ಯೂನಲ್ಲಿ ಮೊದಲ ಸಲ ಅರಳಿತ್ತು. ಅದರ ಗಡ್ಡೆಯೂ ದೈತ್ಯವೇ. ಎಡಿನ್‌ಬರೋ ಉದ್ಯಾನದಲ್ಲಿ ಒಂದು 153.9 ಕಿಲೋ ತೂಗಿತ್ತು!

ನೀವು ಹೂವು ನೋಡದೇ ಇರುವುದಕ್ಕೆ ಕಾರಣ ನಿಮ್ಮ ಅಡುಗೆಮನೆ. ನಾವು ಗಡ್ಡೆಯನ್ನು ವರ್ಷಕ್ಕೇ ಅಗೆದು ಹುಳಿಗೋ ಪಲ್ಯಕ್ಕೋ ಹಾಕಿಬಿಡುತ್ತೇವೆ. ಹೂ ಬಿಡಬೇಕಾದರೆ ಅದು ನೆಲದೊಳಗೆ ಕೆಲವು ವರ್ಷ ಬಲಿಯಬೇಕು. ನಮ್ಮ ಕೊಟ್ಟಿಗೆ ಹಿಂದೆ ಅಗೆಯಲು ಮರೆತ ಒಂದು ಗಡ್ಡೆ ಇತ್ತು. ಎರಡು ಮಳೆ ಬಿದ್ದ ಮೇಲೆ ಎಲೆಯೇ ಇಲ್ಲದೆ ಸೀದಾ ನೆಲದಿಂದ ಹೂವು ಎದ್ದಿತು. ಗಿಡ್ಡ, ಆದರೆ ಅಗಲ. ಮನೆಯವರೆಲ್ಲ ಸತ್ತ ಹೆಗ್ಗಣ ಹುಡುಕಿದ್ದೇ ಹುಡುಕಿದ್ದು.

ಆ ನಾತಕ್ಕೆ ಗಂಧಕ ಸೇರಿದ ಅನಿಲಗಳು ಕಾರಣ. ಮಾಂಸ ಕೊಳೆತಾಗಲೂ ಅಂಥವೇ ಹೊರಡುತ್ತವೆ. ಜೀರುಂಡೆ, ನೊಣಗಳು ಹೆಣ ಅಂತಲೇ ನಂಬಿ ಬರುತ್ತವೆ. ನಡುವಿನ ಕೊಂಬು ಬಿಸಿಯೂ ಆಗುತ್ತದೆ, ಬಿಸಿಗೆ ನಾತ ದೂರ ಹರಡುತ್ತದೆ. ಕೊಂಬಿನ ಬುಡದಲ್ಲಿರುವ ಪುಟ್ಟ ಹೆಣ್ಣು ಹೂಗಳು ಮೊದಲು ತಯಾರಾಗುತ್ತವೆ. ಅವುಗಳ ಮೇಲಿನ ಗಂಡು ಹೂಗಳು ಪರಾಗ ಉದುರಿಸುವುದು ಆಮೇಲೆ. ಹಾಗಾಗಿ ತನ್ನ ಪರಾಗ ತನಗೇ ತಾಗುವುದಿಲ್ಲ. ಇಷ್ಟೆಲ್ಲ ಎರಡು ಮೂರು ದಿನದಲ್ಲಿ ಮುಗಿಯುತ್ತದೆ.

ಬೆಳಗಿನವಾಕಿಂಗ್:
ಲಾಲ್‌ಬಾಗಿಗೆ ಬಂದರೆ ಅಮ್ಮನಿಗೆ ನಾಗಲಿಂಗದ ಮರ ತೋರಿಸಿ. ಹೂವು ಪರಿಮಳ, ದೇವರಿಗೂ ಇಡುತ್ತೇವೆ. ಅದೇ ಮರದ ಕಾಯಿ ಕೆಳಗೆ ಬಿದ್ದು ಒಡೆದರೆ ಹತ್ತಿರ ನಿಲ್ಲಲು ಆಗುವುದಿಲ್ಲ. ತಿರುಳು ಗಾಳಿಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಮರದ ಮೂಲ ದಕ್ಷಿಣ ಅಮೆರಿಕ. ಹೂವಿನ ಪರಿಮಳ ಜೇನುನೊಣಗಳನ್ನು ಕರೆಯಲು. ಕಾಯಿಯ ವಾಸನೆಗೆ ಅಲ್ಲಿನ ಕಾಡುಹಂದಿಯಂಥ ಪ್ರಾಣಿಗಳು ಬಂದು ತಿಂದು, ಬೀಜ ಹರಡುತ್ತವೆ. ಆ ಮರದ ಕೆಳಗೆ ಮಾತ್ರ ಕೂರಬೇಡಿ, ಕಾಯಿ ಫಿರಂಗಿ ಗುಂಡಿನಷ್ಟು ಗಟ್ಟಿ.

ತುಂಗಾತೀರ:
ತೋಟದಮನೆಯವರೇ, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಚಿಕ್ಕವರಿದ್ದಾಗ ಅಜ್ಜಿ ಮನೆಯ ಬಚ್ಚಲ ಹಿಂದೆ ಹೀಗೇ ಒಂದು ಅರಳಿತ್ತಂತೆ. ಅಜ್ಜಿ ಅದರ ಮೇಲೆ ಬುಟ್ಟಿ ಕವುಚಿ ಹಾಕಿದ್ದರಂತೆ. ಐವತ್ತು ವರ್ಷ ಆದರೂ ಆ ನಾತ ಅಮ್ಮನ ಮೂಗಿನಲ್ಲಿ ಹಾಗೇ ಉಳಿದಿದೆ. ಅವರ ಹತ್ತಿರ ವಾದ ಮಾಡಿದ್ದಕ್ಕೆ ಬೇಜಾರಾಯಿತು, ಅದನ್ನೂ ಹೇಳಿದೆ. ಈ ಸಲ ಎರಡು ಗಡ್ಡೆ ಅಗೆಯದೆ ಬಿಡುತ್ತಾರಂತೆ. ಅವು ಬಲಿಯಲು ಎಷ್ಟು ವರ್ಷ ಬೇಕು, ನಿಮ್ಮದು ಎಷ್ಟು ವರ್ಷಕ್ಕೆ ಅರಳಿತ್ತು? ಅದನ್ನು ನೋಡಿಕೊಂಡು ರಜೆ ಹಾಕುತ್ತೇನೆ.

ತೋಟದಮನೆ:
ನಮ್ಮದು ನಾಲ್ಕನೇ ವರ್ಷಕ್ಕೆ. ಆದರೆ ನೀರು ನಿಲ್ಲುವ ಕಡೆ ಬಿಡಬೇಡಿ ಅಂತ ಹೇಳಿ, ಗಡ್ಡೆ ಕೊಳೆಯುತ್ತದೆ.