ಸಹಾಯ ಬೇಕು: ಅಧ್ಯಾಪಕರ ಬರಹಗಳನ್ನು ಒಂದು ಕಡೆ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಾವು ಅಧ್ಯಾಪಕರು ಪಾಠಕ್ಕೂ ಸಂಶೋಧನೆಗೂ ಬಳಸುವ ಬರಹಗಳನ್ನು ಒಂದು ಕಡೆ ಹಾಕಿ ಹಂಚಿಕೊಳ್ಳಲು ಹೊರಟಿದ್ದೇವೆ. ಸಿರಾ ಕೋಟೆ, ಮಧುಗಿರಿ ಬೆಟ್ಟ, ಕೆರೆಗಳ ಬಗ್ಗೆ ಒಳ್ಳೊಳ್ಳೆ ಟಿಪ್ಪಣಿಗಳಿವೆ.

ತೊಡಕು ಏನೆಂದರೆ, ಹಳೆಯವೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿವೆ. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ತಂದರೆ ಒತ್ತಕ್ಷರ ಕೆಡುತ್ತವೆ, ಅರ್ಕಾವತ್ತಂತೂ ಎಲ್ಲೋ ಹೋಗಿ ಕೂರುತ್ತದೆ. ಒಳ್ಳೆ ಕನ್ವರ್ಟರ್ ಯಾವುದು?

ಇನ್ನು ಬೇರೆಯವರ ಪುಸ್ತಕದ ಅಧ್ಯಾಯಗಳು. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಕಾಪಿರೈಟ್ (ಹಕ್ಕುಸ್ವಾಮ್ಯ) ಚಿಂತೆ ಇಲ್ಲ. ಉಳಿದವು? ಪಾಠಕ್ಕೆಂದು ಜೆರಾಕ್ಸ್ ಮಾಡಿಸಬಹುದೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಆದರೆ ಎಲ್ಲರಿಗೂ ತೆರೆದಿಡುವುದು ಬೇರೆ ಮಾತು ಅಲ್ವಾ? ಲೈಬ್ರರಿಯವರು, ಕಾನೂನು ಬಲ್ಲವರು ದಯವಿಟ್ಟು ತಿಳಿಸಿ. ಸುಮ್ನೆ ಲೈಕ್ ಒತ್ತಿ ಹೋಗಬೇಡಿ!