ಕಾಕಟೀಲ್‌ಗೆ ದಿನಕ್ಕೆ ಎಷ್ಟು ಗ್ರಾಂ ಕಾಳು? ಬಟ್ಟಲು ಸದಾ ತುಂಬಿರಬೇಕೇ?

ತುಂಗಾತೀರ

ಗಂಡು ಕಾಕಟೀಲ್, ಮೂರು ವರ್ಷ, ತೂಕ 108 ಗ್ರಾಂ. ಒಂಟಿ ಹಕ್ಕಿ. ದಿನಕ್ಕೆ ಒಂದು ಗಂಟೆ ಪಂಜರದಿಂದ ಹೊರಗೆ ಬಿಡುತ್ತೇವೆ. ಹಾಕುತ್ತಿರುವುದು ಅಂಗಡಿಯ ಮಿಶ್ರ ಕಾಳು. ಅದರಲ್ಲಿ ಅರ್ಧದಷ್ಟು ಸೂರ್ಯಕಾಂತಿ ಬೀಜ, ಉಳಿದದ್ದು ನವಣೆ, ಬರಗು, ಸಜ್ಜೆ. ಬೆಳಿಗ್ಗೆ ಬಟ್ಟಲು ತುಂಬಿಸಿದರೆ ಸಂಜೆಗೂ ತುಂಬಿದಂತೆಯೇ ಕಾಣುತ್ತದೆ, ಆದರೂ ಅದರ ಅಂಚಿನ ಮೇಲೆ ಕೂತು ಕೂಗುತ್ತದೆ. ಸೊಪ್ಪು, ತರಕಾರಿ ಮುಟ್ಟುವುದಿಲ್ಲ.

ಕೆಲವರು ಎರಡು ಚಮಚ ಸಾಕು ಎನ್ನುತ್ತಾರೆ, ಕೆಲವರು ಬಟ್ಟಲು ಖಾಲಿಯಾಗಲೇಬಾರದು ಎನ್ನುತ್ತಾರೆ. ಚಮಚ ಎಂದರೆ ಯಾವ ಚಮಚ ಎಂದೂ ಯಾರೂ ಹೇಳುವುದಿಲ್ಲ. ಗ್ರಾಂ ಲೆಕ್ಕದಲ್ಲಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಾಳುಕಡ್ಡಿ

ಮೊದಲು ಆ ಬಟ್ಟಲನ್ನು ಒಂದು ಅಗಲವಾದ ತಟ್ಟೆಗೆ ಸುರಿದು ಮೆಲ್ಲಗೆ ಊದಿ. ಮೇಲಿನ ಪದರವೆಲ್ಲ ಹಾರಿಹೋದರೆ ಅದು ಕಾಳಲ್ಲ, ಬರೀ ಹೊಟ್ಟು. ಕಾಕಟೀಲ್ ಕಾಳನ್ನು ಕೊಕ್ಕಿನಲ್ಲಿ ಸೀಳಿ ಒಳಗಿನ ತಿರುಳನ್ನಷ್ಟೇ ನುಂಗುತ್ತದೆ, ಸಿಪ್ಪೆ ಅದೇ ಬಟ್ಟಲಿಗೆ ಬೀಳುತ್ತದೆ. ನವಣೆಯ ಸಿಪ್ಪೆ ದೂರದಿಂದ ನೋಡಿದರೆ ಇಡೀ ಕಾಳಿನಂತೆಯೇ ಹೊಳೆಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಚಪ್ಪಟೆಯಾಗುತ್ತದೆ. ಬಟ್ಟಲು ತುಂಬಿದೆ ಎಂದುಕೊಂಡು ಹಾಗೇ ಬಿಟ್ಟು, ಹಕ್ಕಿ ಉಪವಾಸ ಬಿದ್ದು ಸಾಯುವುದು ನಿಜಕ್ಕೂ ಆಗುತ್ತದೆ. ನಿಮ್ಮದು ಅಂಚಿನಲ್ಲಿ ಕೂತು ಕೂಗುವುದಕ್ಕೆ ಹೊಟ್ಟಿನ ಕೆಳಗೆ ಸಿಕ್ಕಿಕೊಂಡ ಕಾಳು ಒಂದು ಕಾರಣ, ಇಷ್ಟದ ಸೂರ್ಯಕಾಂತಿ ಮುಗಿದಿರುವುದು ಇನ್ನೊಂದು.

ಈಗ ಗ್ರಾಂ ಲೆಕ್ಕ. 90ರಿಂದ 100 ಗ್ರಾಂ ತೂಗುವ, ಮರಿ ಮಾಡದ ಕಾಕಟೀಲ್‌ಗೆ ಸಿಪ್ಪೆಸಹಿತ ಸಿರಿಧಾನ್ಯ ದಿನಕ್ಕೆ 10ರಿಂದ 12 ಗ್ರಾಂ. ಅಡುಗೆಯ ದೊಡ್ಡ ಅಳತೆ ಚಮಚದಲ್ಲಿ, ಅಂದರೆ 15 ಮಿ.ಲೀ. ಹಿಡಿಯುವುದರಲ್ಲಿ, ಮಟ್ಟಸವಾಗಿ ಒಂದು. ಟೀ ಚಮಚದಲ್ಲಾದರೆ ಮೂರು. ಇದರ ಜೊತೆಗೆ ಸಣ್ಣಗೆ ಹೆಚ್ಚಿದ ಸೊಪ್ಪು, ತರಕಾರಿ ಎರಡು ಟೀ ಚಮಚ. ಕಾಳನ್ನು ಎರಡು ಭಾಗ ಮಾಡಿ, ಬೆಳಕು ಹರಿಯುತ್ತಲೇ ಅರ್ಧ, ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಉಳಿದರ್ಧ ಹಾಕಿ. ಹಕ್ಕಿಗಳು ಸಹಜವಾಗಿಯೇ ಈ ಎರಡು ಹೊತ್ತು ಜೋರಾಗಿ ತಿನ್ನುತ್ತವೆ, ನಡುಹಗಲು ತೂಕಡಿಸುತ್ತವೆ.

ಆದರೆ ಈ ಅಂಕಿಯನ್ನೇ ಕಣ್ಣುಮುಚ್ಚಿ ಹಿಡಿಯಬೇಡಿ, ನಿಮ್ಮ ಹಕ್ಕಿ ನಿಜವಾಗಿ ಎಷ್ಟು ತಿನ್ನುತ್ತಿದೆ ಎಂದು ಅಳೆಯಿರಿ. ಬೆಳಿಗ್ಗೆ 15 ಗ್ರಾಂ ತೂಗಿ ಹಾಕಿ. ಮಲಗುವ ಮುನ್ನ ಬಟ್ಟಲಿನಲ್ಲಿ, ಪಂಜರದ ತಳದಲ್ಲಿ ಇರುವುದನ್ನೆಲ್ಲ ಕಾಗದದ ಮೇಲೆ ಬಳಿದು, ಹೊಟ್ಟನ್ನು ಕೇರಿ ಬೇರೆ ಮಾಡಿ, ಉಳಿದ ಕಾಳು ಮತ್ತು ಹೊಟ್ಟು ಎರಡನ್ನೂ ಬೇರೆಬೇರೆ ತೂಗಿ. ಎರಡನ್ನೂ ಕಳೆದರೆ ಬರುವುದೇ ಹೊಟ್ಟೆಗೆ ಹೋದ ತಿರುಳು. ನಾಲ್ಕು ದಿನದ ಸರಾಸರಿ ತೆಗೆಯಿರಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ನುಗ್ಗೆಮರ

ಅಳತೆಗಿಂತ ಮೊದಲು ಆ ಮಿಶ್ರಣವನ್ನು ಸರಿಮಾಡಬೇಕು. ಸೂರ್ಯಕಾಂತಿ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆಯೇ. ನವಣೆ, ಬರಗಿನಲ್ಲಿ ನೂರಕ್ಕೆ ನಾಲ್ಕರ ಆಸುಪಾಸು. ಅರ್ಧ ಪಾಲು ಸೂರ್ಯಕಾಂತಿ ಇದ್ದರೆ ಹಕ್ಕಿ ಅದನ್ನೇ ಆರಿಸಿ ತಿಂದು ಉಳಿದದ್ದನ್ನು ಕೆದಕಿ ಚೆಲ್ಲುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಕೊಕ್ಕು ವಿಪರೀತ ಉದ್ದ ಬೆಳೆಯುವುದು, ಅದರ ಮೇಲೆ ಕಪ್ಪು ಕಲೆ ಕಾಣಿಸುವುದು, ನಾಲ್ಕು ಅಡಿ ಹಾರಿದರೂ ಏದುಸಿರು ಬರುವುದು ಅದರ ಗುರುತುಗಳು. ಸೂರ್ಯಕಾಂತಿ ಬಿಟ್ಟು ಕುಸುಬೆ ಹಾಕಿದರೆ ಒಳ್ಳೆಯದು ಎಂಬ ಮಾತು ಬಹಳ ಓಡಾಡುತ್ತಿದೆ. ಕುಸುಬೆಯೂ ಎಣ್ಣೆಬೀಜವೇ, ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ಕೊರತೆ ಎ ಜೀವಸತ್ವದ್ದು. ಒಣ ಕಾಳಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಕಣ್ಣಿನ ಸುತ್ತ ಊತ, ಪದೇಪದೇ ಸೀನು, ಬಾಯೊಳಗೆ ಬಿಳಿ ಗಂಟು ಬರುವುದಕ್ಕೆ ಎಷ್ಟೋ ಸಲ ಇದೇ ಮೂಲ. ನಮ್ಮಲ್ಲಿ ನುಗ್ಗೆಸೊಪ್ಪಿಗಿಂತ ಒಳ್ಳೆಯ ಮದ್ದು ಬೇಡ. ಎ ಜೀವಸತ್ವಕ್ಕೂ ಆಯಿತು, ಸುಣ್ಣದಂಶಕ್ಕೂ ಆಯಿತು. ಮೆಂತ್ಯ, ಕೊತ್ತಂಬರಿ, ತುರಿದ ಕ್ಯಾರೆಟ್, ಸಿಹಿಗುಂಬಳ, ಕೆಂಪು ದಪ್ಪಮೆಣಸಿನಕಾಯಿ ಸರದಿಯಲ್ಲಿ ಬರಲಿ. ಪಾಲಕ್ ಮಾತ್ರ ವಾರಕ್ಕೊಮ್ಮೆ ಸಾಕು, ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮುಟ್ಟುವುದಿಲ್ಲ ಎಂದಿರಲ್ಲ, ಸೊಪ್ಪನ್ನು ಬಟ್ಟಲಿಗೆ ಹಾಕಬೇಡಿ. ನುಗ್ಗೆಯ ಇಡೀ ಕಡ್ಡಿಯನ್ನು ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ, ಅದು ಮಲಗುವ ಕೋಲಿನ ಪಕ್ಕದಲ್ಲಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಬೆಳಿಗ್ಗೆ ಕಾಳು ಹಾಕುವ ಅರ್ಧ ಗಂಟೆ ಮೊದಲು ಇದು ಸಿಗಬೇಕು. ಮೊದಲು ಆಟಕ್ಕೆ ಹರಿಯುತ್ತದೆ, ಆಮೇಲೆ ರುಚಿ ಹತ್ತುತ್ತದೆ. ಎರಡು ವಾರ ಹಿಡಿಯಬಹುದು, ಎರಡು ತಿಂಗಳೂ ಹಿಡಿಯಬಹುದು, ಬಿಡಬೇಡಿ. ಹಸಿ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಉಳಿಯಬಾರದು, ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಸವರಿದ ಕುರುಕಲು ಒಂದು ಚೂರೂ ಬೇಡ. ಬೆಣ್ಣೆಹಣ್ಣು ಸ್ವಲ್ಪವೇ ತಿಂದರೂ ಹಕ್ಕಿಯ ಜೀವ ಹೋಗಬಹುದು. ಸೇಬು ಕೊಡುವುದಾದರೆ ಬೀಜ ತೆಗೆದು ಕೊಡಿ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ನಾಲ್ಕು ದಿನ ತೂಗಿದೆ. ಸರಾಸರಿ: ಹಾಕಿದ್ದು 15, ಉಳಿದ ಕಾಳು 3, ಹೊಟ್ಟು 4, ಅಂದರೆ ತಿಂದದ್ದು 8 ಗ್ರಾಂ. ಉಳಿದ 3 ಗ್ರಾಂನಲ್ಲಿ ಸೂರ್ಯಕಾಂತಿ ಒಂದೂ ಇಲ್ಲ. 8 ಗ್ರಾಂ ಎಂದರೆ ನೀವು ಹೇಳಿದ್ದಕ್ಕಿಂತ ಕಡಿಮೆಯೇ ಆಯಿತಲ್ಲ?

ಕಾಳುಕಡ್ಡಿ

ಕಡಿಮೆಯಲ್ಲ, ಜಾಸ್ತಿಯೇ ಆಗಿದೆ. ನಾನು ಹೇಳಿದ 10-12 ಸಿಪ್ಪೆಸಹಿತ, ಬಟ್ಟಲಿಗೆ ಹಾಕುವ ಲೆಕ್ಕ. ನಿಮ್ಮ 8 ಬರೀ ತಿರುಳು. ಅದನ್ನು ಬಿಡಿಸಿ ನೋಡಿ. ಹಾಕಿದ 7.5 ಗ್ರಾಂ ಸೂರ್ಯಕಾಂತಿಯೂ ಖಾಲಿ. ಅದರಲ್ಲಿ ಅರ್ಧದ ಹತ್ತಿರ ಸಿಪ್ಪೆ ಹೋದರೆ ತಿರುಳು ಸುಮಾರು 4 ಗ್ರಾಂ. ಉಳಿದ 4 ಗ್ರಾಂ ಸಿರಿಧಾನ್ಯದ ತಿರುಳು. ಸೂರ್ಯಕಾಂತಿಯಿಂದ 23 ಕಿಲೋಕ್ಯಾಲರಿ, ಸಿರಿಧಾನ್ಯದಿಂದ 14ರಷ್ಟು, ಒಟ್ಟು 37. ಪಂಜರದಲ್ಲಿರುವ ಈ ಗಾತ್ರದ ಹಕ್ಕಿಗೆ 20ರಿಂದ 25 ಸಾಕು. 108 ಗ್ರಾಂ ಎಲ್ಲಿಂದ ಬಂತೆಂದು ಇಲ್ಲೇ ಗೊತ್ತಾಗುತ್ತದೆ.

ಆದರೂ ತೂಕ ಇಳಿಸುವ ಮುಂಚೆ ಎದೆಯ ನಡುಮೂಳೆಯನ್ನು ಬೆರಳಿನಿಂದ ಸವರಿ ನೋಡಿ, ಕೆಲವು ಕಾಕಟೀಲ್‌ಗಳ ಮೈಕಟ್ಟೇ ದೊಡ್ಡದು. ಮೂಳೆಯ ಅಂಚು ಬೆರಳಿಗೆ ತಗುಲಿ, ಎರಡೂ ಬದಿಯ ಮಾಂಸ ದುಂಡಗಿದ್ದರೆ ತೂಕ ಸರಿಯಿದೆ. ಮೂಳೆ ಹೂತುಹೋಗಿ ನಡುವೆ ಕಾಲುವೆಯಂತೆ ಸಿಕ್ಕರೆ ಬೊಜ್ಜು. ಕತ್ತಿಯ ಅಲಗಿನಂತೆ ಎದ್ದಿದ್ದರೆ ಹಕ್ಕಿ ಸೊರಗಿದೆ.

ಬೊಜ್ಜೇ ಆಗಿದ್ದರೆ ಮೊದಲ ವಾರ ಸೂರ್ಯಕಾಂತಿಯನ್ನು ಕಾಲು ಪಾಲಿಗೆ ಇಳಿಸಿ, ಎರಡನೇ ವಾರ ಬಟ್ಟಲಿನಿಂದ ಪೂರ್ತಿ ತೆಗೆಯಿರಿ. ಅಲ್ಲಿಂದ ಮುಂದೆ ಬೆಳಿಗ್ಗೆ 5 ಗ್ರಾಂ, ಸಂಜೆ 4 ಗ್ರಾಂ ಸಿರಿಧಾನ್ಯ. ಸೂರ್ಯಕಾಂತಿ ಐದೇ ಬೀಜ, ಅದೂ ಕೈಯಿಂದ, ಹಾರಿ ಬಂದಾಗ ಕೊಡಿ. ವಾರಕ್ಕೆ ಒಂದು ಗ್ರಾಂ ಇಳಿದರೆ ಸಾಕು, ಅವಸರ ಬೇಡ.

ಕಾಳನ್ನು ಬಿಡಿಯಾಗಿ ಕೊಂಡು ಮನೆಯಲ್ಲೇ ಬೆರೆಸಿದರೆ ಒಳ್ಳೆಯದು: ನವಣೆ ನಾಲ್ಕು ಪಾಲು, ಬರಗು ಮೂರು, ಸಾಮೆ ಒಂದು, ರಾಗಿ ಒಂದು, ಸಜ್ಜೆ ಒಂದು. ಅಂಗಡಿಯಲ್ಲಿ ನವಣೆ ಎಂದರೆ ನವಣೆ ಅಕ್ಕಿ ಕಟ್ಟಿಕೊಡುತ್ತಾರೆ. ಸಿಪ್ಪೆ ತೆಗೆಯದ್ದು ಬೇಕೆಂದು ಬಿಡಿಸಿ ಹೇಳಿ. ಅಕ್ಕಿ ಮಾಡಿದ್ದು ಮೊಳಕೆ ಬರುವುದಿಲ್ಲ, ಬೇಗ ಕಮಟು ಹಿಡಿಯುತ್ತದೆ, ಜೊತೆಗೆ ಹಕ್ಕಿಗೆ ಸೀಳುವ ಕೆಲಸವೂ ತಪ್ಪುತ್ತದೆ. ತಂದ ಕಾಳನ್ನು ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ತುಂಬಿದರೆ ಹುಳ ಆಗುವುದಿಲ್ಲ. ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಸ್ವಲ್ಪ ಬಂದರೂ ಇಡೀ ಡಬ್ಬಿ ಎಸೆಯಿರಿ, ಬಿಸಿಲಿಗೆ ಒಣಗಿಸಿದರೆ ಬೂಷ್ಟಿನ ವಿಷ ಹೋಗುವುದಿಲ್ಲ.

ಬಯಲುಸೀಮೆ77

ಇದೇ ಲೆಕ್ಕ ಲವ್ ಬರ್ಡ್ಸ್‌ಗೂ ನಡೆಯುತ್ತದೆಯೇ? ಒಂದೇ ಪಂಜರದಲ್ಲಿ ಎರಡಿವೆ. ಹಾಗೆಯೇ, ನಮ್ಮ ಕಡೆ ಊರಗಿಣಿಗೆ ಹಾಲನ್ನ, ಹಸಿಮೆಣಸಿನಕಾಯಿ ಹಾಕುತ್ತಾರಲ್ಲ, ಅದು ಸರಿಯೇ?

ನುಗ್ಗೆಮರ

ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಬಡ್ಜಿ. ರೆಕ್ಕೆಯ ಮೇಲೆ ಕಪ್ಪು ಗೆರೆ, ಉದ್ದ ಬಾಲ, 35 ಗ್ರಾಂ ಆಸುಪಾಸು ಇದ್ದರೆ ಬಡ್ಜಿ. ಅದಕ್ಕೆ ದಿನಕ್ಕೆ 5ರಿಂದ 6 ಗ್ರಾಂ, ಅಂದರೆ ಒಂದೂವರೆ ಟೀ ಚಮಚ. ನಿಜವಾದ ಲವ್ ಬರ್ಡ್ ಮೋಟು ಬಾಲದ ಆಫ್ರಿಕದ ಹಕ್ಕಿ, 50 ಗ್ರಾಂ ಸುಮಾರು ಇರುತ್ತದೆ, 7-8 ಗ್ರಾಂ ಬೇಕು. ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರುತ್ತದೆ, ಅದಕ್ಕೇ ಗ್ರಾಂಗೆ ಗ್ರಾಂ ಹೋಲಿಸಿದರೆ ಸಣ್ಣ ಹಕ್ಕಿಗೇ ಹೆಚ್ಚು ಬೇಕು. ಬಡ್ಜಿಗೆ ಒಂದು ದಿನ ಪೂರ್ತಿ ಊಟ ತಪ್ಪಿದರೂ ಜೀವಕ್ಕೆ ಅಪಾಯ.

ಎರಡು ಹಕ್ಕಿಗೆ ಎರಡು ಬಟ್ಟಲು ಇಡಿ, ಪಂಜರದ ಎರಡು ತುದಿಯಲ್ಲಿ. ಒಂದೇ ಬಟ್ಟಲಿದ್ದರೆ ಜೋರಿನದು ಕಾವಲು ಕೂರುತ್ತದೆ. ಒಟ್ಟು ಕಾಳು ಸರಿಯಾಗಿ ಖಾಲಿಯಾಗುತ್ತಿದ್ದರೂ ಒಂದು ಕೊಬ್ಬುತ್ತದೆ, ಇನ್ನೊಂದು ಬಡಕಲಾಗುತ್ತದೆ. ಹೆಣ್ಣು ಮೊಟ್ಟೆಗೆ ಬಂದಿದ್ದರೆ ಕಟಲ್ ಬೋನ್, ಅಂದರೆ ಸುಣ್ಣದಂಶಕ್ಕೆಂದು ಹಕ್ಕಿ ಕೆರೆದು ತಿನ್ನುವ ಕಡಲಜೀವಿಯ ಬಿಳಿ ಚಿಪ್ಪು, ತಪ್ಪದೆ ಇಡಿ. ಸಾಕುಹಕ್ಕಿ ಅಂಗಡಿಯಲ್ಲಿ ಸಿಗದಿದ್ದರೆ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಕೇಳಿ, ಅದೇ ವಸ್ತು. ಸುಣ್ಣದಂಶ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಊರಗಿಣಿಯ ವಿಷಯ: ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ. ಸಾಕುವಂತಿಲ್ಲ, ಮಾರುವಂತಿಲ್ಲ. ಬಿದ್ದ ಮರಿ ಸಿಕ್ಕಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. ಹಾಲನ್ನವಂತೂ ಯಾವ ಗಿಣಿಗೂ ಬೇಡ. ಹಾಲಿನ ಸಕ್ಕರೆ ಹಕ್ಕಿಗೆ ಅರಗುವುದಿಲ್ಲ, ಭೇದಿ ಹಿಡಿಯುತ್ತದೆ. ಮೆಣಸಿನಕಾಯಿ ಪರವಾಗಿಲ್ಲ, ಖಾರ ಹಕ್ಕಿಗಳಿಗೆ ಉರಿಯುವುದಿಲ್ಲ. ಕಾಕಟೀಲ್‌ಗೂ ಹಸಿಮೆಣಸು ಸೀಳಿ ಕೊಡಬಹುದು.

ಮುಂಜಾವು

ಪೆಲೆಟ್ ಬಗ್ಗೆ, ಅಂದರೆ ಧಾನ್ಯ, ಜೀವಸತ್ವ ಎಲ್ಲ ಬೆರೆಸಿ ಒತ್ತಿ ಮಾಡಿದ ಗುಳಿಗೆಯಂಥ ಸಿದ್ಧ ಆಹಾರದ ಬಗ್ಗೆ, ಯಾರೂ ಹೇಳಲಿಲ್ಲ, ಅದನ್ನಷ್ಟು ಸೇರಿಸುತ್ತೇನೆ. ಪೆಲೆಟ್‌ಗೆ ಸಿಪ್ಪೆ ಇಲ್ಲ, ಹಾಕಿದ್ದೆಲ್ಲ ಆಹಾರವೇ. ಕಾಕಟೀಲ್‌ಗೆ 5 ಗ್ರಾಂ ಪೆಲೆಟ್, 4 ಗ್ರಾಂ ಕಾಳು ಒಳ್ಳೆಯ ಜೋಡಿ. ಒಮ್ಮೆಲೇ ಬದಲಿಸಬೇಡಿ. ಹೊಸದನ್ನು ಹಕ್ಕಿ ತಿನ್ನುವ ವಸ್ತು ಎಂದೇ ಗುರುತಿಸುವುದಿಲ್ಲ, ಹಸಿದರೆ ತಿನ್ನುತ್ತದೆ ಎಂಬ ಮಾತು ಇಲ್ಲಿ ನಡೆಯದು. ಪುಡಿಮಾಡಿದ ಪೆಲೆಟ್ 1 ಗ್ರಾಂನಿಂದ ಶುರುಮಾಡಿ ನಾಲ್ಕೈದು ವಾರದಲ್ಲಿ ಏರಿಸಿ. ಪೆಲೆಟ್ ತಿನ್ನುವ ಹಕ್ಕಿಗೆ ನೀರಿನಲ್ಲಿ ವಿಟಮಿನ್ ಹನಿ ಬೆರೆಸಬೇಡಿ, ಎರಡೂ ಸೇರಿ ಅತಿಯಾಗುತ್ತದೆ.

ತುಂಗಾತೀರ ಅವರೇ, ಆಹಾರ ಬದಲಿಸುವ ಈ ದಿನಗಳಲ್ಲಿ ಹಕ್ಕಿಯನ್ನು ದಿನಾ ತೂಗಿ. ಬೆಳಿಗ್ಗೆ ಎದ್ದು ಮೊದಲ ದಪ್ಪ ಹಿಕ್ಕೆ ಹಾಕಿದ ಮೇಲೆ, ಕಾಳು ಕೊಡುವ ಮೊದಲು ತೂಗಬೇಕು. ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟು ಸೊನ್ನೆಗೆ ತಂದು ಅದರೊಳಗೆ ಕೂರಿಸಿ. ಎರಡು ಮೂರು ಗ್ರಾಂ ಹೆಚ್ಚುಕಡಿಮೆ ಮಾಮೂಲಿ. ಒಂದು ವಾರದೊಳಗೆ 5 ಗ್ರಾಂ ಇಳಿದರೆ ಹಳೆಯ ಪ್ರಮಾಣಕ್ಕೆ ಮರಳಿ, 10 ಗ್ರಾಂ ಇಳಿದರೆ ಅಂದೇ ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಒಯ್ಯಿರಿ.

ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ. ಹಿಕ್ಕೆಯಲ್ಲಿ ಹಸಿರು ಅಥವಾ ಕಂದು ಸುರುಳಿ, ಬಿಳಿ ಸುಣ್ಣದಂಥದ್ದು, ಸುತ್ತ ಸ್ವಲ್ಪ ನೀರು, ಮೂರೂ ಕಾಣಬೇಕು. ಸುರುಳಿ ಸಣ್ಣಗಾಗುತ್ತಾ ಕಡುಹಸಿರಾಗಿ, ಕೊನೆಗೆ ಬರೀ ಬಿಳಿ ಉಳಿದರೆ ಹಕ್ಕಿ ಬಟ್ಟಲಿನಲ್ಲಿ ಕೊಕ್ಕು ಆಡಿಸುತ್ತಿದ್ದರೂ ನುಂಗುತ್ತಿಲ್ಲ. ಆಗ ತಕ್ಷಣ ಹಳೆಯ ಕಾಳು, ಸೂರ್ಯಕಾಂತಿ ಸಮೇತ, ಮುಂದಿಡಿ. ತೂಕ ಇಳಿಸುವುದು ಮುಂದಿನ ತಿಂಗಳಾದರೂ ಆದೀತು.