ಹರ್ಮಿಟ್ ಹಮ್ಮಿಂಗ್‌ಬರ್ಡ್ ತನ್ನ ಹೂಗಳನ್ನು ಏಕೆ ಕಾಯುವುದಿಲ್ಲ?

ಪ್ರಶ್ನೆ: ಮುಂಜಾವು
ಕೋಸ್ಟರಿಕಾದ ಲಾ ಸೆಲ್ವಾ ಕಾಡಿನ ವಿಡಿಯೊಗಳನ್ನು ನೋಡುತ್ತಿದ್ದೇನೆ. ರೂಫಸ್-ಟೇಲ್ಡ್ ಹಮ್ಮಿಂಗ್‌ಬರ್ಡ್ ಹೆಲಿಕೋನಿಯಾ ಪೊದೆಯೊಂದನ್ನು ತನ್ನದೆಂದು ಹಿಡಿದುಕೊಂಡು, ಬಂದವರನ್ನೆಲ್ಲ ಅಟ್ಟುತ್ತದೆ. ಲಾಂಗ್-ಬಿಲ್ಡ್ ಹರ್ಮಿಟ್ ಮಾತ್ರ ಎಲ್ಲಿಂದಲೋ ಬಂದು ಹೀರಿ, ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾಗುತ್ತದೆ. ಎರಡಕ್ಕೂ ಹೆಲಿಕೋನಿಯಾದ ಮಕರಂದವೇ ಬೇಕಿರುವಾಗ ಹರ್ಮಿಟ್ ಹೂ ಕಾಯುವುದಿಲ್ಲವೇಕೆ? ಅದು ಪುಕ್ಕಲು ಹಕ್ಕಿಯೇ?

ಉತ್ತರ: ಕಾಡುದಾರಿ
ಪುಕ್ಕಲು ಎಂದರೆ ನನಗೆ ಸಿಟ್ಟು ಬರುತ್ತದೆ! ಆ ಕಾಡಿನಲ್ಲಿ ಕೆಂಪು ಟೋಪಿ ಹಾಕಿಕೊಂಡು ನಿಂತಿದ್ದಾಗ ಒಂದು ಹರ್ಮಿಟ್ ನನ್ನ ಹಣೆಯ ಮುಂದೆಯೇ ಗಾಳಿಯಲ್ಲಿ ನಿಂತು, ಟೋಪಿಯನ್ನು ಎಡದಿಂದ ಬಲಕ್ಕೆ ತಪಾಸಣೆ ಮಾಡಿ, ಹೂವಲ್ಲ ಎಂದು ಖಾತ್ರಿಯಾದ ಮೇಲೆಯೇ ಹೋಯಿತು.

ಮೊದಲಿಗೆ, ಅವೆರಡು ಹೆಚ್ಚಾಗಿ ಹೋಗುವುದು ಬೇರೆ ಬೇರೆ ಜಾತಿಯ ಹೆಲಿಕೋನಿಯಾಗಳಿಗೆ. ಪಕ್ಷಿತಜ್ಞ ಗ್ಯಾರಿ ಸ್ಟೈಲ್ಸ್ 1975ರಲ್ಲೇ ಕೋಸ್ಟರಿಕಾದ ಹೆಲಿಕೋನಿಯಾಗಳನ್ನು ಹೀಗೆ ವಿಂಗಡಿಸಿ ತೋರಿಸಿದ್ದಾರೆ. ಬಿಸಿಲು ಬೀಳುವ ಕಾಡಂಚಿನಲ್ಲಿ ದಟ್ಟವಾಗಿ ಬೆಳೆಯುವ ಲ್ಯಾಟಿಸ್ಪಾಥಾ ಎಂಬ ಜಾತಿಯ ಹೂವು ಗಿಡ್ಡ. ರೂಫಸ್-ಟೇಲ್ಡ್‌ನ ನೇರ ಕೊಕ್ಕಿಗೆ ಅದು ಸಲೀಸು. ಒಂದೇ ಕಡೆ ಅಷ್ಟು ಮಕರಂದ ಸಿಕ್ಕರೆ ಕಾವಲು ನಿಲ್ಲುವುದಕ್ಕೂ ಅರ್ಥವಿದೆ. ಪೊಗೊನಾಂಥಾದಂಥ ಜಾತಿಗಳ ಹೂವು ಉದ್ದ, ಬಾಗಿದ್ದು. ಹರ್ಮಿಟ್‌ನ ಕೊಕ್ಕೂ ಹಾಗೆಯೇ, ಸುಮಾರು 4 ಸೆಂಟಿಮೀಟರ್. ಹೂವೊಂದರ ಆಯಸ್ಸು ಒಂದೇ ದಿನ, ಇಂದು ಅರಳಿರುವುದು ಇಲ್ಲಿ ಎರಡು, ಅಲ್ಲಿ ಮೂರು. ಅಂಥದ್ದನ್ನು ಕಾಯುತ್ತಾ ಕುಳಿತರೆ ಉಪವಾಸವೇ ಗತಿ. ಅದಕ್ಕೇ ಹರ್ಮಿಟ್ ಅಂಚೆಯವನ ಹಾಗೆ ಗೊತ್ತಾದ ದಾರಿಯಲ್ಲಿ ಗಿಡದಿಂದ ಗಿಡಕ್ಕೆ ಸುತ್ತು ಹೊಡೆಯುತ್ತದೆ. ಅಷ್ಟರಲ್ಲಿ ಮೊದಲ ಹೂವಿನಲ್ಲಿ ಮತ್ತೆ ಒಂದಿಷ್ಟು ಮಕರಂದ ಒಸರಿರುತ್ತದೆ.

ಉತ್ತರ: ಒಣ ಎಲೆ
ಹರ್ಮಿಟ್ ಜಗಳವನ್ನೇ ಆಡುವುದಿಲ್ಲ ಎಂದುಕೊಳ್ಳಬೇಡಿ. ಗಂಡುಗಳು ಕಾಡಿನ ಕೆಳಪೊದೆಗಳಲ್ಲಿ ಗುಂಪಾಗಿ ನೆಲೆ ಹಿಡಿದು, ಬಾಲ ಅಲ್ಲಾಡಿಸುತ್ತಾ ಒಂದೇ ಸ್ವರವನ್ನು ತಲೆ ಚಿಟ್ಟು ಹಿಡಿಯುವಷ್ಟು ಹೊತ್ತು ಹಾಡುತ್ತವೆ. ಕಾದಾಟವೆಲ್ಲ ಹಾಡಲು ಕೂರುವ ಆ ಕಡ್ಡಿಗಾಗಿ. ಬಲಿತ ಗಂಡಿನ ಕೊಕ್ಕಿನ ತುದಿ ಹೆಣ್ಣಿನದಕ್ಕಿಂತ ಚೂಪು. ಎದುರಾಳಿಯ ಗಂಟಲಿಗೆ ಅದರಿಂದ ತಿವಿಯುತ್ತದೆ. ತುದಿ ಚೂಪಾದಷ್ಟೂ ಜಾಗ ಗಿಟ್ಟುವ ಸಾಧ್ಯತೆ ಹೆಚ್ಚೆಂದು 2015ರ ಅಧ್ಯಯನವೊಂದು ಲಾ ಸೆಲ್ವಾದಲ್ಲೇ ಕಂಡುಕೊಂಡಿತು.

ಉತ್ತರ: ಕಾಡುದಾರಿ
ಸರಿಯಾದ ಮಾತು. ಆ ಸ್ವರ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಗೂಡಿನ ವಿಷಯವನ್ನೂ ಸೇರಿಸುತ್ತೇನೆ, ನನಗೆ ಅದೇ ಹೆಚ್ಚು ಇಷ್ಟ. ರೂಫಸ್-ಟೇಲ್ಡ್ ಕೊಂಬೆಯ ಮೇಲೆ ಸಾಧಾರಣ ಬಟ್ಟಲು ಕಟ್ಟುತ್ತದೆ. ಹರ್ಮಿಟ್‌ನ ಹೆಣ್ಣು ಗೂಡನ್ನು ಪಾಮ್ ಎಲೆಯ ತುದಿಯ ಅಡಿಗೆ ಜೇಡರ ಬಲೆಯಿಂದ ಅಂಟಿಸಿ ಇಳಿಬಿಡುತ್ತದೆ. ಎಲೆಯೇ ಸೂರು, ಮಳೆ ಎಷ್ಟು ಸುರಿದರೂ ಮೊಟ್ಟೆಗೆ ಹನಿ ತಾಗುವುದು ಅಪರೂಪ. ಎರಡು ಜಾತಿಗಳಲ್ಲೂ ಗಂಡು ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮುಂಜಾವು
ಧನ್ಯವಾದಗಳು. ಕೊನೆಯದಾಗಿ, ಮಸುಕು ಬೆಳಕಿನ ವಿಡಿಯೊದಲ್ಲಿ ಇವೆರಡನ್ನು ಗುರುತಿಸುವುದು ಹೇಗೆ? ಬಣ್ಣವೇ ಕಾಣುವುದಿಲ್ಲ.

ಕಾಡುದಾರಿ
ಬಾಲ ನೋಡಿ. ನಡುವಿನ ಎರಡು ಗರಿಗಳು ಉದ್ದವಾಗಿ ಚಾಚಿ, ತುದಿಯಲ್ಲಿ ಬಿಳಿ ಇದ್ದರೆ ಹರ್ಮಿಟ್.